ಅಡ್ಡ ಮಡಿಕೆ

ವಕೀಲಮ್ಮನಿಗೆ ಒಂದು ಚಾಳಿಯಿತ್ತು. ಎದುರು ಪಕ್ಷದ ಸಾಕ್ಷಿ ಕಟ್ಟೆ ಹತ್ತಿದರೆ ಸಾಕು, ಪಾಟೀಸವಾಲಿನ ಮೊದಲ ಪ್ರಶ್ನೆಗಿಂತ ಮುಂಚೆ ಅವರಿಗೊಂದು ಉಪಕಾರ ಹೇಳಿಯೇ ಮುಂದಿನ ಮಾತು. ಕೆಲಸ ಬಿಟ್ಟು ಬಂದ್ರಿ, ಉಪಕಾರ ಆಯ್ತು. ಅಷ್ಟು ಹೊತ್ತು ಹೊರಗೆ ಕಾದ್ರಿ, ಉಪಕಾರ ಆಯ್ತು. ತನ್ನ ಕಕ್ಷಿದಾರನನ್ನು ಜೈಲಿಗೆ ಕಳಿಸಲೆಂದೇ ಮೀಸೆ ತಿರುವಿಕೊಂಡು ಬಂದ ಇನ್‌ಸ್ಪೆಕ್ಟರಿಗೂ ಅದೇ ಮಾತು. ಸರ್ಕಾರಿ ವಕೀಲರಿಗೆ ಇದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. "ಇವರದ್ದು ಪಾಟೀಸವಾಲಲ್ಲ ಸ್ವಾಮಿ, ಬೆಣ್ಣೆ ಹಚ್ಚೋ ಕೆಲಸ" ಎಂದು ನ್ಯಾಯಾಧೀಶರ ಎದುರೇ ಗೊಣಗಿದ್ದೂ ಉಂಟು.

ಬೆಣ್ಣೆಯಲ್ಲ. ಅವಳಿಗೆ ನಿಜಕ್ಕೂ ಹಾಗೆ ಅನ್ನಿಸುತ್ತಿತ್ತು. ಅರ್ಧ ಆಯುಷ್ಯವನ್ನು ಕೊಲೆ ಕೇಸುಗಳಲ್ಲೇ ಸವೆಸಿದ ಹೆಂಗಸು ಅವಳು. ಸಾಕ್ಷಿ ಸಾಲದು ಎಂದು ಬಿಡುಗಡೆಯಾದವನು ಸಾಯುವ ತನಕ ಬೀದಿಯವರ ಬಾಯಲ್ಲಿ 'ತಪ್ಪಿಸಿಕೊಂಡವನು' ಆಗಿಯೇ ಉಳಿಯುತ್ತಾನೆ ಎಂಬುದನ್ನು ಕಣ್ಣಾರೆ ಕಂಡಿದ್ದಳು. ಆದ್ದರಿಂದ ಕೊಂದವರು ಯಾರು ಎಂದು ತೋರಿಸುವ ತನಕ ಅವಳಿಗೆ ಸಮಾಧಾನವಿಲ್ಲ. ಪೊಲೀಸರು ಅರ್ಧಕ್ಕೆ ಕೈಬಿಟ್ಟ ಕೆಲಸವನ್ನು ಎತ್ತಿಕೊಂಡು ಹೊರಟರೆ ಆಸರೆ ಇನ್ನೇನಿರುತ್ತದೆ? ಯಾರೋ ಒಬ್ಬರು ಕಿಟಕಿಯಲ್ಲಿ ಏನೋ ಕಂಡಿರುತ್ತಾರೆ, ಇನ್ಯಾರೋ ಒಬ್ಬರು ಏನೋ ಕೇಳಿರುತ್ತಾರೆ. ಹೇಳಿದರೆ ಅವರಿಗೆ ಮೂರು ಕಾಸಿನ ಲಾಭವಿಲ್ಲ, ಆದರೂ ಹೇಳುತ್ತಾರೆ. ಅದನ್ನು ಉಪಕಾರ ಅನ್ನದೆ ಇನ್ನೇನು ಅನ್ನಬೇಕು?

ಎಲ್ಲಕ್ಕಿಂತ ದೊಡ್ಡ ಉಪಕಾರ ಅವಳ ಗುಮಾಸ್ತನದು. ಗುಮಾಸ್ತ ಬೇರೆ ಯಾರೂ ಅಲ್ಲ, ಮೈದುನ. ಗಂಡ ತೀರಿಕೊಂಡ ಮೇಲೆ ಆಫೀಸಿನ ಬಾಗಿಲು ಹಾಕಿಬಿಡುತ್ತೇನೆ ಎಂದು ವಕೀಲಮ್ಮ ಹಟ ಹಿಡಿದಾಗ, ಇದ್ದ ಕೆಲಸ ಬಿಟ್ಟು ಬಂದು ಬೀಗದ ಕೈ ಇಸಿದುಕೊಂಡವನು. ಕೋರ್ಟಿನಲ್ಲಿ ಮೇಡಂ ಅನ್ನಬೇಕು ಎಂದು ಎಷ್ಟು ತಾಕೀತು ಮಾಡಿದರೂ, ಕಡತ ಚಾಚುವಾಗ "ಅತ್ತಿಗೆ, ಇದಲ್ಲ, ಕೆಳಗಿಂದು" ಎಂದು ಎಲ್ಲರಿಗೂ ಕೇಳುವ ಹಾಗೆ ಪಿಸುಗುಡುತ್ತಿದ್ದ. ನ್ಯಾಯಾಧೀಶರು ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದರು.

ಬಿಡುಗಡೆಯಾದ ಕಕ್ಷಿದಾರರು ಮಾತ್ರ ಆಮೇಲೆ ಅವಳ ಆಫೀಸಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಮೈದುನನಿಗೆ ಅದು ಉರಿ. ವಕೀಲಮ್ಮನಿಗೆ ಇಲ್ಲ. "ನನ್ನ ಮುಖ ನೋಡಿದ್ರೆ ಅವರಿಗೆ ಜೈಲು ನೆನಪಾಗುತ್ತೆ ಕಣೋ. ಮರೀಲಿ ಬಿಡು" ಎನ್ನುತ್ತಿದ್ದಳು.

ಇಂಥವಳ ಆಫೀಸಿಗೆ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಕೈಬೆರಳುಗಳು ಸೋಪಿನ ನೀರಿಗೆ ಸಿಕ್ಕಿ ಬಿಳಿಚಿದ್ದವು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅಕ್ಕ ತಂಗಿ ಇಬ್ಬರು ಸೇರಿ ನಡೆಸುತ್ತಿದ್ದ ಲಾಂಡ್ರಿಯ ತಂಗಿ ಅವಳು. ಕೆಲಸದವರೆಲ್ಲ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಅಕ್ಕ ಹೋದ ತಿಂಗಳಷ್ಟೇ ಲಾಂಡ್ರಿಯಲ್ಲೇ ಕೊಲೆಯಾಗಿದ್ದಳು. ಪೊಲೀಸರು ಇಸ್ತ್ರಿ ಮಾಡುವ ಹುಡುಗನನ್ನು ಹಿಡಿದುಕೊಂಡು ಹೋಗಿದ್ದರು.

"ಅವನು ಮಾಡಿಲ್ಲಮ್ಮ" ಎಂದಳು ಚಿಕ್ಕಮ್ಮ. "ಹೇಗಾದ್ರೂ ಮಾಡಿ ಬಿಡಿಸಿ. ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ."

ವಕೀಲಮ್ಮನಿಗೆ ಕಣ್ಣು ತುಂಬಿ ಬಂತು. ಸತ್ತವಳ ಸ್ವಂತ ತಂಗಿಯೇ ಬಂದು ಆರೋಪಿಯ ಪರವಾಗಿ ನಿಲ್ಲಿ ಎಂದು ಕೇಳುವುದನ್ನು ಅವಳು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. "ನಿಮ್ಮಂಥವರು ಇರೋದ್ರಿಂದಲೇ ನಮ್ಮ ಕೆಲಸ ನಡೀತಿದೆ ತಾಯಿ. ಉಪಕಾರ ಆಯ್ತು" ಎಂದಳು. ಚಿಕ್ಕಮ್ಮ ತಲೆ ತಗ್ಗಿಸಿಕೊಂಡು ಎದ್ದು ಹೋದಳು.

ಕೇಸೇನೋ ಕಗ್ಗಂಟು. ಕೊಲೆಯಾದ ದಿನ ಮಧ್ಯಾಹ್ನ ಇಸ್ತ್ರಿಯವನು ಒಬ್ಬ ಡಾಕ್ಟರ ಕೋಟು ಸುಟ್ಟಿದ್ದ. ಅಕ್ಕನ ಬಾಯಿ ಜೋರು. ಎಲ್ಲರೆದುರು ಅವನ ಜನ್ಮ ಜಾಲಾಡಿದಳು. ಇವನ ಬಾಯಿಯೂ ಕಡಿಮೆಯದೇನಲ್ಲ. "ಒಂದಿನ ಇದೇ ಪೆಟ್ಟಿಗೆ ನಿಮ್ಮ ತಲೆ ಮೇಲೆ ಹಾಕ್ತೀನಿ ನೋಡಿ" ಎಂದ. ಹೇಳಿ ಸಂಜೆಯ ತನಕ ಇಸ್ತ್ರಿ ಮಾಡಿ, ಯಾರನ್ನೂ ಮಾತಾಡಿಸದೆ ಹೊರಟು ಹೋದ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಚಿಕ್ಕಮ್ಮನಿಗೆ ಕಂಡದ್ದು ಮೇಜಿನ ಪಕ್ಕ ಬಿದ್ದಿದ್ದ ಅಕ್ಕ, ತಲೆಯ ಬಳಿ ಅದೇ ಇಸ್ತ್ರಿಪೆಟ್ಟಿಗೆ, ಮೈಮೇಲೆ ಮುಖದ ತನಕ ಹೊದಿಸಿದ್ದ ಆಸ್ಪತ್ರೆಯ ಬೆಡ್‌ಶೀಟು. ಕೊಲೆಯೂ ಇಸ್ತ್ರಿಪೆಟ್ಟಿಗೆಯಿಂದಲೇ, ಅದೂ ತಲೆಗೇ. ಇನ್ನೇನು ಬೇಕು ಪೊಲೀಸರಿಗೆ? ಕತ್ತಲಾದ ಮೇಲೆ ಹಿಂಬಾಗಿಲಿನಿಂದ ಬಂದು ಹೇಳಿದ್ದನ್ನು ಮಾಡಿ ಮುಗಿಸಿದ, ಆಮೇಲೆ ಪಾಪ ಕಾಡಿ ಹೊದಿಸಿ ಹೋದ ಎಂದು ಬರೆದುಕೊಂಡರು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಮಲಗಿದ್ದೆ ಎನ್ನುವವನ ಮಾತಿಗೆ ಸಾಕ್ಷಿ ಹೇಳುವವರು ಯಾರು, ಗೋಡೆಯೇ?

ವಕೀಲಮ್ಮ ಜೈಲಿಗೆ ಹೋಗಿ ಅವನನ್ನು ಕಂಡಳು. ಇಪ್ಪತ್ತರ ಆಸುಪಾಸಿನ ಹುಡುಗ. ಅಂಗೈಯಲ್ಲಿ ಪೆಟ್ಟಿಗೆಯ ಹಿಡಿ ಒತ್ತಿ ಒತ್ತಿ ಜಡ್ಡುಗಟ್ಟಿತ್ತು. ಜೈಲಿನಲ್ಲೂ ಅವನ ಅಂಗಿ ಗರಿಗರಿಯಾಗಿತ್ತು.

"ಇದ್ಯಾರೋ ನಿನಗೆ ಇಲ್ಲಿ ಇಸ್ತ್ರಿ ಮಾಡಿಕೊಡೋರು?"

"ಚಿಕ್ಕಮ್ಮ ತಂದುಕೊಡ್ತಾರೆ ಮೇಡಂ. ವಾರ ವಾರ ಬರ್ತಾರೆ. ಜಾಸ್ತಿ ಮಾತಾಡಲ್ಲ, ಕೂತಿರ್ತಾರೆ ಅಷ್ಟೇ." ಅವನು ಅಂಗಿಯ ತುದಿಯನ್ನು ನೇವರಿಸಿದ. "ಇಡೀ ಬೀದಿ ನನ್ನನ್ನ ಕೊಲೆಗಾರ ಅಂತು. ನಂಬಿದ್ದು ಅವರೊಬ್ಬರೇ. ಆ ಒಂದು ದಿನಕ್ಕೋಸ್ಕರ ಉಳಿದ ದಿನ ತಳ್ತೀನಿ."

"ಎಲ್ಲ ಸರಿ, ಆ ಹಾಳು ಮಾತು ಯಾಕಪ್ಪಾ ಆಡ್ದೆ?"

"ಬಾಯಿ ಮೇಡಂ. ಅಕ್ಕನೂ ದಿನಾ ನನ್ನ ಕೈ ಮುರೀತೀನಿ ಅಂತಿದ್ರು. ಮುರಿದ್ರಾ?"

ಅದೂ ಸರಿಯೇ. ಆದರೆ ಇದನ್ನು ನ್ಯಾಯಾಲಯದಲ್ಲಿ ಹೇಳಿದರೆ ನಗುತ್ತಾರೆಯೇ ಹೊರತು ಬಿಡುವುದಿಲ್ಲ. ಶಿಕ್ಷೆಯಾದರೆ ಈ ಹುಡುಗ ಮುದುಕನಾಗಿ ಹೊರಗೆ ಬರುತ್ತಾನೆ ಎಂಬ ಯೋಚನೆ ಅವಳನ್ನು ಮನೆಯ ತನಕ ಹಿಂಬಾಲಿಸಿತು.

ಮೊದಲ ಉಪಕಾರ ಬಂದದ್ದು ಲಾಂಡ್ರಿಯ ಎದುರಿನ ಚಹಾ ಅಂಗಡಿಯವನಿಂದ. ಅವನದು ಅಳತೆಯಿಲ್ಲದ ಮಾತು. ಆ ದಿನ ಬೀದಿಯಲ್ಲಿ ಹೋದ ನಾಯಿಯ ಬಣ್ಣದ ತನಕ ವರದಿ ಒಪ್ಪಿಸಿದ. ನಡುವೆ ಒಂದು ಮಾತು ಬಂತು: ಇಸ್ತ್ರಿಯವನು ಸಿಡುಕುತ್ತ ಹೋದಾಗ ಲಾಂಡ್ರಿಯ ತಾರಸಿಯ ತಂತಿಯ ಮೇಲೆ ಆಸ್ಪತ್ರೆಯ ಬೆಡ್‌ಶೀಟುಗಳು ಇನ್ನೂ ಹಾರಾಡುತ್ತಿದ್ದವು. ಬೇರೆ ಕೆಲಸದವರೆಲ್ಲ ಅವನಿಗಿಂತ ಮುಂಚೆಯೇ ಮನೆಗೆ ಹೋಗಿದ್ದರು.

"ಆದ್ರೆ ಅತ್ತಿಗೆ" ಎಂದ ಮೈದುನ, ಆಫೀಸಿಗೆ ಬಂದು ಪೊಲೀಸರ ಫೋಟೋಗಳನ್ನು ಹರಡಿಕೊಂಡು, "ಇಲ್ಲಿ ನೋಡಿ. ಬೆಳಿಗ್ಗೆ ತೆಗೆದಿದ್ದು. ಮೇಜಿನ ಮೇಲೆ ಶೀಟುಗಳ ರಾಶಿ. ಅಚ್ಚುಕಟ್ಟಾಗಿ ಮಡಿಸಿಟ್ಟಿದೆ."

ವಕೀಲಮ್ಮ ಕನ್ನಡಕ ಏರಿಸಿದಳು. ರಾಶಿಯ ಮೇಲೆ ಒತ್ತಿಗೆಂದು ಇಟ್ಟ ಮರದ ಹಲಗೆ ಸ್ವಲ್ಪ ವಾರೆಯಾಗಿತ್ತು. ಅಂದರೆ ಮೇಲಿನ ಒಂದು ಶೀಟನ್ನು ಎಳೆದೇ ಅಕ್ಕನಿಗೆ ಹೊದಿಸಿದ್ದು. ಹುಡುಗ ಹೋದ ಮೇಲೆ ಯಾರೋ ಆ ಶೀಟುಗಳನ್ನು ಇಳಿಸಿ ತಂದು, ಕೂಡಿಸಿ, ಮಡಿಸಿ, ಹಲಗೆ ಹೇರಿದ್ದಾರೆ. ಆಸ್ಪತ್ರೆಯ ಶೀಟು ಎಂದರೆ ಒಬ್ಬರು ಕೈ ಚಾಚಿದರೆ ಅಂಚು ಸಿಗುವಂಥದಲ್ಲ. ಅದರಲ್ಲೂ ಅಕ್ಕನ ಭುಜ ಹಿಡಿದುಕೊಂಡು, ಕೈ ಮೇಲೇಳದೆ ವರ್ಷಗಳೇ ಆಗಿದ್ದವು ಎಂದು ಮರಣೋತ್ತರ ವರದಿಯೇ ಹೇಳುತ್ತಿತ್ತು.

"ಇನ್ನೊಬ್ಬರು ಇದ್ರು ಕಣೋ" ಎಂದಳು ವಕೀಲಮ್ಮ. "ಜಗಳ ಆಡೋಕೆ ಬಂದವರಲ್ಲ. ಜೊತೆಗೆ ನಿಂತು ಕೆಲಸ ಮಾಡಿಕೊಟ್ಟವರು."

ಹೊದಿಸಿದ್ದ ಶೀಟು ನ್ಯಾಯಾಲಯದ ಮುದ್ದೆಮಾಲು ಕೋಣೆಯಲ್ಲಿತ್ತು, ಕೇಸುಗಳಲ್ಲಿ ವಶಪಡಿಸಿಕೊಂಡ ಕತ್ತಿ ಕೊಡಲಿ ಬಟ್ಟೆಬರೆಗಳ ನಡುವೆ. ಅನುಮತಿ ಪಡೆದು, ಅಲ್ಲಿನ ಸಿಬ್ಬಂದಿಯ ಎದುರಲ್ಲೇ ಗಂಟು ಬಿಚ್ಚಿಸಿದರು. ಪೊಲೀಸರು ಅದನ್ನು ಹಳೆ ಚಿಂದಿಯಂತೆ ಸುತ್ತಿ ತುರುಕಿದ್ದರು. ಒಂದು ಮೂಲೆಯಲ್ಲಿ ಕಂದಿದ ಕಲೆ. ಆದರೆ ಲಾಂಡ್ರಿಯವರು ಗಂಜಿ ಹಾಕಿದ ಬಟ್ಟೆ, ಮೇಲೆ ಹಲಗೆಯ ಒತ್ತು ಬೇರೆ. ಸುಕ್ಕುಗಳ ನಡುವೆ ಹಳೆಯ ಮಡಿಕೆಯ ಗೆರೆಗಳು ನೆಟ್ಟಗೆ ನಿಂತಿದ್ದವು. ಗಂಜಿ ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು ವಕೀಲಮ್ಮ.

"ಹಿಡ್ಕೋ ಆ ತುದಿ. ಗೆರೆ ಹೇಳಿದ ಹಾಗೆ ಮಡಿಸೋಣ."

ಇಬ್ಬರೂ ಎಲ್ಲ ಮನೆಗಳಲ್ಲಿ ಮಡಿಸುವಂತೆ ಶುರು ಮಾಡಿದರು. ಎರಡು ತುದಿಯಲ್ಲಿ ಇಬ್ಬರು ನಿಂತು, ಒಂದು ಕೈ ಮೇಲೆತ್ತಿ ಒಂದು ಕೈ ಕೆಳಗಿಳಿಸಿ, ಮೊದಲು ಉದ್ದುದ್ದಕ್ಕೆ ಅರ್ಧ ಮಾಡುವುದು. ಗೆರೆ ಹಟ ಹಿಡಿಯಿತು. ಅರ್ಧ ದೂರ ಒಳಕ್ಕೆ ಬಾಗಿದರೆ ಇನ್ನರ್ಧ ಹೊರಕ್ಕೆ ಉಬ್ಬುತ್ತಿತ್ತು. ಬಿಚ್ಚಿದರು, ಮತ್ತೆ ಮಾಡಿದರು. ಅದೇ ಹಾಡು.

"ಇದು ನಮ್ಮಿಬ್ಬರಿಗಿಂತ ಮೊಂಡು ಅತ್ತಿಗೆ" ಎಂದ ಮೈದುನ ಬೆವರು ಒರೆಸಿಕೊಂಡು.

"ಇರು. ನೀನು ನಿನ್ನ ತುದಿ ಹಿಡ್ಕೊಂಡು ನನ್ನ ಹತ್ತಿರ ನಡೆದು ಬಾ."

ಅವನು ನಡೆದು ಬಂದು ತನ್ನ ಎರಡು ಮೂಲೆಗಳನ್ನು ಅವಳ ಕೈಗಿಟ್ಟ. ಶೀಟು ಅಡ್ಡಕ್ಕೆ ಅರ್ಧವಾಗಿ ಕೆಳಗೆ ಜೋತುಬಿತ್ತು. ಅವನು ಬಗ್ಗಿ ಆ ಜೋತ ಮಡಿಕೆಯನ್ನು ಎತ್ತಿ ಹಿಂದಕ್ಕೆ ಹೋಗಿ, ಮತ್ತೆ ನಡೆದು ಬಂದ. ಉದ್ದದ ಮಡಿಕೆಯನ್ನು ಕೊನೆಗಿಟ್ಟುಕೊಂಡರು. ಈ ಸಲ ಒಂದೊಂದು ಗೆರೆಯೂ ಸೊಲ್ಲೆತ್ತದೆ ತನ್ನ ಜಾಗಕ್ಕೆ ಬಂದು ಕೂತಿತು. ಮುಗಿದ ಮೇಲೆ ವಕೀಲಮ್ಮನಿಗೆ ಹೊಳೆಯಿತು. ಇಷ್ಟೂ ಹೊತ್ತು ಅವಳು ನಿಂತಲ್ಲಿಂದ ಕದಲಿರಲಿಲ್ಲ, ಕೈ ಸೊಂಟಕ್ಕಿಂತ ಮೇಲೆ ಹೋಗಿರಲಿಲ್ಲ. ನಡಿಗೆ, ಬಗ್ಗುವುದು, ಎತ್ತುವುದು, ಎಲ್ಲ ಮೈದುನನ ಪಾಲಿಗೇ ಬಿದ್ದಿತ್ತು.

"ಕೈ ಎತ್ತೋಕಾಗದವಳಿಗೋಸ್ಕರ ಮಾಡಿಕೊಂಡ ಮಡಿಕೆ ಇದು" ಎಂದಳು ಮೆಲ್ಲಗೆ.

ಮರುದಿನ ಲಾಂಡ್ರಿಗೆ ಹೋದಳು. ಚಿಕ್ಕಮ್ಮ ಬಾಯಿತುಂಬ ಮಾತಾಡಿಸಿ ಕೂರಿಸಿದಳು. ಒಳಗೆ ಬಿಸಿನೀರಿನ ಹಬೆ, ಸೋಡಾ ಪುಡಿಯ ಘಾಟು, ಮೂಲೆಯಲ್ಲಿ ಹೊಸ ಇಸ್ತ್ರಿಯವನು. ಮೇಜಿನ ಬಳಿ ಕೆಲಸದವರು ಜೋಡಿ ಜೋಡಿಯಾಗಿ ಶೀಟು ಮಡಿಸುತ್ತಿದ್ದರು, ಎಲ್ಲರೂ ಕೈ ಮೇಲೆತ್ತಿ, ಉದ್ದುದ್ದಕ್ಕೆ. ಒಬ್ಬಳ ಜೊತೆಗಾತಿ ನೀರು ಕುಡಿಯಲು ಹೋದಳು. ಚಿಕ್ಕಮ್ಮ ವಕೀಲಮ್ಮನೊಡನೆ ಮಾತಾಡುತ್ತಲೇ ಎದ್ದು ಆ ತುದಿ ಹಿಡಿದಳು. ಎದುರಿನವಳು ಕೈ ಮೇಲೆತ್ತಿದಳು. ಚಿಕ್ಕಮ್ಮ ಸೀದಾ ನಡೆದು ಹೋಗಿ ಅವಳಿಗೆ ಡಿಕ್ಕಿ ಹೊಡೆದಳು.

ಕೆಲಸದವರೆಲ್ಲ ಗೊಳ್ಳೆಂದು ನಕ್ಕರು. ಚಿಕ್ಕಮ್ಮನೂ ನಕ್ಕಳು. "ಏನ್ಮಾಡ್ಲಿ, ಅಕ್ಕನ ಜೊತೆ ಮಡಿಸಿ ಮಡಿಸಿ ಕಾಲು ತಾನಾಗೇ ನಡೆದುಬಿಡುತ್ತೆ" ಎಂದಳು. ಎಂದವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ವಕೀಲಮ್ಮನಿಗೆ ನಗು ಬರಲಿಲ್ಲ. ಆ ದಿನ ಮಧ್ಯಾಹ್ನವೇ ಜ್ವರ ಬಂದು ಮನೆಗೆ ಹೋದೆ, ಮಾತ್ರೆ ನುಂಗಿ ಮಲಗಿದವಳಿಗೆ ಅಕ್ಕ ಬಾರದ್ದೂ ತಿಳಿಯಲಿಲ್ಲ, ಮತ್ತೆ ಬಂದದ್ದು ಬೆಳಿಗ್ಗೆಯೇ ಎಂದು ಇದೇ ಚಿಕ್ಕಮ್ಮ ಪೊಲೀಸರಿಗೆ ಹೇಳಿದ್ದಳು. ಎಲ್ಲರೂ ಬೆನ್ನು ತಿರುಗಿಸಿದಾಗ ಹುಡುಗನನ್ನು ನಂಬಿದವಳು ಇವಳೊಬ್ಬಳೇ, ಏಕೆಂದರೆ ನಿಜ ಗೊತ್ತಿದ್ದದ್ದು ಇವಳೊಬ್ಬಳಿಗೇ.

ಅಂದು ಆಫೀಸಿಗೆ ಬಂದವಳು ಚಹಾ ಆರಿ ಹೋದರೂ ಕುಡಿಯಲಿಲ್ಲ. ಮೈದುನನಿಗೆ ಎಲ್ಲ ಹೇಳಿದಳು. "ಈ ಕೇಸು ನಮ್ಮ ಕೈಗೆ ಕೊಟ್ಟವಳೇ ಅವಳು. ಆ ಹುಡುಗನಿಗೆ ಅಂತ ಇರೋದು ಅವಳೊಬ್ಬಳು. ಅವನನ್ನ ಹೊರಗೆ ತರಬೇಕಾದ್ರೆ ಅವಳನ್ನೇ ಅವನಿಂದ ಕಿತ್ತುಕೊಳ್ಬೇಕು. ಎಂಥ ಗ್ರಹಚಾರ ನೋಡು."

ಮೈದುನ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತಿದ್ದ. "ಅತ್ತಿಗೆ, ನಮ್ಮ ಕಕ್ಷಿದಾರ ಯಾರು?" ಎಂದು ಕೇಳಿದ. ಅಷ್ಟೇ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ. ಇಂಥ ಮೈದುನನನ್ನು ಕೊಟ್ಟ ಮನೆಗೆ ಸೊಸೆಯಾಗಿ ಬಂದದ್ದೇ ತನ್ನ ಪುಣ್ಯ ಎಂದು ಅವಳಿಗೆ ಆ ಗಳಿಗೆಯಲ್ಲಿ ಅನ್ನಿಸಿತು.

ವಿಚಾರಣೆಯ ದಿನ ಚಿಕ್ಕಮ್ಮ ಸರ್ಕಾರಿ ಪಕ್ಷದ ಸಾಕ್ಷಿಯಾಗಿ ಕಟ್ಟೆ ಹತ್ತಿದಳು. ಹುಡುಗ ಆಡಿದ ಮಾತು ಕೇಳಿಸಿದ್ದು ನಿಜ ಎಂದಳು. ಮಧ್ಯಾಹ್ನವೇ ಮನೆಗೆ ಹೋದೆ, ಬೆಳಿಗ್ಗೆ ಬಂದಾಗ ಅಕ್ಕ ಬಿದ್ದಿದ್ದಳು ಎಂದಳು. ಅವನು ಅಂಥವನಲ್ಲ ಎಂದು ಯಾರೂ ಕೇಳದೆಯೇ ಎರಡೆರಡು ಸಲ ಸೇರಿಸಿದಳು. ಸರ್ಕಾರಿ ವಕೀಲರು ಮುಖ ಹುಳಿ ಮಾಡಿಕೊಂಡು ಕೂತರು. ಆರೋಪಿಯ ಕಟಕಟೆಯಲ್ಲಿದ್ದ ಹುಡುಗ ಅವಳನ್ನೇ ನೋಡುತ್ತಿದ್ದ, ತಾಯಿಯನ್ನು ನೋಡುವ ಹಾಗೆ.

ವಕೀಲಮ್ಮ ಎದ್ದಳು. "ಬಂದ್ರಲ್ಲ ಅಮ್ಮ, ಉಪಕಾರ ಆಯ್ತು."

ಸರ್ಕಾರಿ ವಕೀಲರು ಸೂರು ನೋಡಿದರು.

"ಅಕ್ಕನ ಭುಜ ಹಿಡ್ಕೊಂಡಿತ್ತು ಅಲ್ವಾ?"

"ಹೌದಮ್ಮ. ಎದೆ ಮಟ್ಟಕ್ಕೂ ಕೈ ಎತ್ತೋಕೆ ಆಗ್ತಿರ್ಲಿಲ್ಲ. ಅವಳ ತಲೆ ಬಾಚ್ತಿದ್ದಿದ್ದೂ ನಾನೇ."

"ಅದಕ್ಕೇ ಶೀಟು ಮಡಿಸೋ ರೀತಿನೇ ಬದಲಾಯಿಸಿದ್ರಿ. ಅವರು ನಿಂತಲ್ಲೇ ನಿಂತಿರ್ತಿದ್ರು. ನಡೆಯೋದು, ಬಗ್ಗೋದು ಎಲ್ಲ ನೀವೇ."

ಚಿಕ್ಕಮ್ಮನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಎತ್ತಿ ಆಡಿರಲಿಲ್ಲ. "ಅವಳಿಗೆ ನೋವಾಗ್ಬಾರ್ದು ಅಂತ" ಎಂದಳು. "ನಾನು ಹೇಳಲೂ ಇಲ್ಲ, ಅವಳು ಕೇಳಲೂ ಇಲ್ಲ. ಹಾಗೇ ರೂಢಿ ಆಯ್ತು."

ಮುಂದಿನ ಮಾತನ್ನು ವಕೀಲಮ್ಮ ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದಳೋ ಏನೋ. ಆದರೆ ಈಗ ಬಾಯಿಗೆ ಬಂದಾಗ ಅದರಲ್ಲಿ ಸುಳ್ಳೇನೂ ಇರಲಿಲ್ಲ. "ಆವತ್ತು ಸಂಜೆ ತಾರಸಿ ತುಂಬ ಶೀಟು. ಕೆಲಸದವರು ಯಾರೂ ಇಲ್ಲ. ಮೈ ಬಿಸಿ ಇದ್ರೂ ಎದ್ದು ಬಂದು ಜೊತೆಗೆ ನಿಂತ್ರಿ. ಅಕ್ಕನಿಗೆ ಅದನ್ನ ಹೇಳೋಕೆ ಆಗ್ಲಿಲ್ಲ. ಅವರ ಪರವಾಗಿ ನಾನು ಹೇಳ್ತೀನಿ. ದೊಡ್ಡ ಉಪಕಾರ ಆಯ್ತು ತಾಯಿ."

"ಅಯ್ಯೋ, ಅದರಲ್ಲೇನಿದೆ ಬಿಡಿ" ಎಂದಳು ಚಿಕ್ಕಮ್ಮ. "ಅವಳೊಬ್ಬಳ ಕೈಲಿ ಆಗ್ತಿತ್ತಾ ಅಷ್ಟೆಲ್ಲ?"

ಟೈಪು ಮಾಡುತ್ತಿದ್ದವರ ಬೆರಳು ನಿಂತಿತು. ಸರ್ಕಾರಿ ವಕೀಲರು ಆಕ್ಷೇಪಿಸಲೆಂದು ಅರ್ಧ ಎದ್ದವರು ಹಾಗೇ ಕೂತುಬಿಟ್ಟರು. ನ್ಯಾಯಾಧೀಶರು ಮುಂದಕ್ಕೆ ಬಾಗಿದರು. "ಏನಂದ್ರಿ? ಆವತ್ತು ಸಂಜೆ ನೀವು ಲಾಂಡ್ರಿಯಲ್ಲಿದ್ರಾ? ಯೋಚಿಸಿ ಹೇಳಿ. ನಿಮಗೇ ತೊಂದರೆ ಆಗೋ ಮಾತಾದ್ರೆ ಹೇಳಲೇಬೇಕು ಅಂತೇನಿಲ್ಲ."

ಇಲ್ಲ ಎನ್ನಬಹುದಿತ್ತು. ಜ್ವರದ ತಲೆ, ದಿನ ತಪ್ಪಾಯಿತು ಎಂದಿದ್ದರೂ ನಡೆಯುತ್ತಿತ್ತು. ಚಿಕ್ಕಮ್ಮ ವಕೀಲಮ್ಮನನ್ನು ನೋಡಿದಳು. ಆಮೇಲೆ ಕಟಕಟೆಯಲ್ಲಿದ್ದ ಹುಡುಗನನ್ನು ನೋಡಿದಳು.

"ಇದ್ದೆ ಸ್ವಾಮಿ" ಎಂದಳು. "ಹಿಂಬಾಗಿಲಿಂದ ಬಂದೆ. ಮಡಿಸಿ ಮುಗಿಸಿ, ಹಲಗೆ ಹೇರಿ, ಚಹಾ ಕುಡೀತಾ ಕೂತಿದ್ವಿ. ಆಗ ಅಕ್ಕ ಅಂದ್ಲು, ಶೀಟು ಮಡಿಸೋ ಮೆಷಿನ್ ಬರ್ತಿದೆ, ನಾಳೆಯಿಂದ ನೀನು ಬರೋದು ಬೇಡ, ಮನೇಲಿ ಹಾಯಾಗಿರು ಅಂತ. ನಗ್ತಾ ಅಂದ್ಲು. ನನ್ನ ಒಳ್ಳೇದಕ್ಕೇ ಅಂದಿರ್ಬೇಕು. ಆದ್ರೆ ನನಗೆ ಕೇಳಿಸಿದ್ದು ಬರೋದು ಬೇಡ ಅನ್ನೋದೊಂದೇ. ಹುಟ್ಟಿದಾಗಿಂದ ಅವಳ ಜೊತೆ ಇದ್ದವಳು ಸ್ವಾಮಿ ನಾನು. ಪೆಟ್ಟಿಗೆ ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಒಂದೇ ಏಟು. ಮುಖ ನೋಡೋಕಾಗ್ದೆ ಶೀಟು ಹೊದಿಸ್ದೆ."

ಹುಡುಗ ಕಟಕಟೆಯ ಕಂಬಿ ಹಿಡಿದುಕೊಂಡು "ಚಿಕ್ಕಮ್ಮಾ" ಎಂದ. ಒಂದೇ ಸಲ. ಅವಳು ತಲೆ ಎತ್ತಲಿಲ್ಲ.

ಪೊಲೀಸರು ಕರೆದುಕೊಂಡು ಹೋಗುವಾಗ ಮೊಗಸಾಲೆಯಲ್ಲಿ ಚಿಕ್ಕಮ್ಮ ವಕೀಲಮ್ಮನ ಎದುರು ನಿಂತಳು. "ಅವನು ಹೊರಗೆ ಬರ್ತಾನಲ್ಲ?"

"ಬರ್ತಾನೆ."

"ನಾನಾಗೇ ಹೇಳೋಕೆ ಧೈರ್ಯ ಸಾಲ್ಲಿಲ್ಲ. ನಿಮ್ಮನ್ನ ಹಿಡಿದ್ರೆ ಹೇಗೋ ಬಿಡಿಸ್ತೀರಿ, ನನ್ನ ತನಕ ಬರಲ್ಲ ಅಂದ್ಕೊಂಡೆ." ಅವಳು ಒಂದು ಸಲ ಉಸಿರೆಳೆದುಕೊಂಡಳು. "ಉಪಕಾರ ಆಯ್ತಮ್ಮ."

ಆ ಮಾತನ್ನು ಸಾವಿರ ಸಲ ಆಡಿದ್ದವಳು ವಕೀಲಮ್ಮ. ಈಗ ಚಿಕ್ಕಮ್ಮನ ಬಿಳಿಚಿದ ಬೆರಳುಗಳನ್ನು ಹಿಡಿದುಕೊಂಡಳು. ಇವಳು ಇಲ್ಲ ಎಂದಿದ್ದರೆ ಒಂದು ಶೀಟಿನ ಗೆರೆ ಹಿಡಿದುಕೊಂಡು ತಾನು ಎಲ್ಲಿಗೆ ಹೋಗುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗನನ್ನು ಬಿಡಿಸಿದ್ದು ತನ್ನ ಜಾಣತನವಲ್ಲ, ಈ ಹೆಂಗಸಿನ "ಇದ್ದೆ ಸ್ವಾಮಿ" ಎಂಬ ಮಾತು. ಅದಕ್ಕೆ ಅವಳು ಒಳಗೊಳಗೇ ಕೃತಜ್ಞಳಾಗಿದ್ದಳು, ಅಷ್ಟು ದುಃಖದ ನಡುವೆಯೂ.

ಕಾಗದಪತ್ರಗಳೆಲ್ಲ ಮುಗಿದು ಹುಡುಗ ಹೊರಗೆ ಬಂದ ದಿನ, ಜೈಲಿನ ಬಾಗಿಲಲ್ಲಿ ಕಾದಿದ್ದ ವಕೀಲಮ್ಮನ ಮುಖವನ್ನೂ ನೋಡದೆ ನಡೆದುಹೋದ.

"ಒಂದು ಮಾತು ಬೇಡ್ವಾ ಅತ್ತಿಗೆ? ಒಂದೇ ಒಂದು ಮಾತು?" ಎಂದ ಮೈದುನ.

"ಹೊರಗೆ ಬಂದನಲ್ಲ, ಅಷ್ಟು ಸಾಕು. ನಡಿ" ಎಂದಳು ಅವಳು.

ಕೆಲವು ದಿನ ಕಳೆದು ಅವನೇ ಆಫೀಸಿನ ಬಾಗಿಲಲ್ಲಿ ಬಂದು ನಿಂತಾಗ ಮೈದುನನಿಗೆ ನಂಬಿಕೆಯೇ ಬರಲಿಲ್ಲ. ಬಿಡುಗಡೆಯಾದವನು ತಿರುಗಿ ಬಂದ ಮೊದಲ ನಿದರ್ಶನ ಅದು. ಕುರ್ಚಿ ಒರೆಸಿ ಮುಂದಕ್ಕೆ ತಳ್ಳಿದ. ವಕೀಲಮ್ಮ, ಅಯ್ಯೋ ನಾನೇನು ಮಾಡಿದೆ ಬಿಡಪ್ಪಾ ಎಂದು ಹೇಳಲು ನಾಲಿಗೆಯ ತುದಿಯಲ್ಲಿ ಮಾತು ಸಿದ್ಧ ಮಾಡಿಕೊಂಡಳು.

ಅವನು ಕೂರಲಿಲ್ಲ. "ಚಿಕ್ಕಮ್ಮನಿಗೆ ಯಾರು ವಕೀಲರು?" ಎಂದು ಕೇಳಿದ.

ಸಿದ್ಧ ಮಾಡಿಕೊಂಡ ಮಾತು ಅಲ್ಲೇ ಉಳಿಯಿತು. "ಇನ್ನೂ ಯಾರೂ ಇಲ್ಲ" ಎಂದಳು ವಕೀಲಮ್ಮ.

"ನೀವು ನಿಲ್ಲಿ."

"ನಾನು ನಿಲ್ಲೋ ಹಾಗಿಲ್ಲಪ್ಪಾ. ನಿನಗೋಸ್ಕರ ಅವಳನ್ನ ಸಿಕ್ಕಿಸಿದವಳೇ ನಾನು. ನನ್ನ ಹತ್ತಿರ ಕೆಲಸ ಕಲಿತವಳೊಬ್ಬಳು ಇದ್ದಾಳೆ, ನನಗಿಂತ ಚುರುಕು. ಇವತ್ತೇ ಮಾತಾಡ್ತೀನಿ."

"ಹಾಗಾದ್ರೆ ಸಾಕ್ಷಿಗೆ ನನ್ನ ಹೆಸರು ಬರ್ಕೊಳ್ಳಿ ಅಂತ ಹೇಳಿ ಅವರಿಗೆ."

ವಕೀಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು, ಆದರೆ ವೃತ್ತಿ ಬಿಡಬೇಕಲ್ಲ. "ನೋಡು, ಸರ್ಕಾರಿ ವಕೀಲರು ಮೊದಲು ಕೇಳೋದೇ ಇದು. ತಾನು ಮಾಡಿದ ಕೊಲೆಗೆ ನಿನ್ನನ್ನ ಜೈಲಲ್ಲಿ ಕೊಳೆಯೋಕೆ ಬಿಟ್ಟಳಲ್ಲ, ಅವಳ ಮೇಲೆ ನಿನಗೆ ಸಿಟ್ಟಿಲ್ವಾ ಅಂತ. ಏನಂತೀಯಾ?"

"ಇದೆ ಅಂತೀನಿ." ಅವನ ದವಡೆ ಬಿಗಿಯಿತು. "ಸುಳ್ಳು ಯಾಕೆ ಹೇಳ್ಲಿ? ಬೆಳಿಗ್ಗೆ ಎದ್ದ ಕೂಡ್ಲೇ ಸಿಟ್ಟೇ ಬರೋದು. ಅದನ್ನ ಮೊದಲು ಹೇಳ್ತೀನಿ. ಆಮೇಲೆ ಉಳಿದಿದ್ದೂ ಹೇಳ್ತೀನಿ. ಅದನ್ನ ಹೇಳೋಕೆ ನಾನಲ್ದೆ ಇನ್ಯಾರಿದ್ದಾರೆ ಮೇಡಂ ಅವರಿಗೆ?"

ಮೈದುನ ಮುಖ ತಿರುಗಿಸಿಕೊಂಡು ಕಪಾಟಿನಲ್ಲಿ ಇಲ್ಲದ ಕಡತ ಹುಡುಕತೊಡಗಿದ.

"ಕೂತ್ಕೊಳಪ್ಪಾ" ಎಂದಳು ವಕೀಲಮ್ಮ. "ಆ ಉಳಿದಿದ್ದನ್ನ ನನಗೊಂದು ಸಲ ಮೊದಲಿಂದ ಹೇಳು."

ಅವನು ಕೂತ. ಜಡ್ಡುಗಟ್ಟಿದ ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡ.

"ನಾನು ಕೆಲಸ ಕೇಳ್ಕೊಂಡು ಹೋದ ದಿನ" ಎಂದು ಶುರು ಮಾಡಿದ, "ಅಕ್ಕ ಕೇಳಿದ್ದು, ಇಸ್ತ್ರಿ ಬರುತ್ತಾ ಅಂತ. ಚಿಕ್ಕಮ್ಮ ಕೇಳಿದ್ದು, ಊಟ ಆಯ್ತಾ ಅಂತ."